ಎತ್ತರದ ಗಡಿಯಾರ

ನಮ್ಮ ಮನೆ ಮಳೆಗಾಲದಲ್ಲಿ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಹೀಗೆ ಹೇಳಿದರೆ ಹೊಸಬರು ನನ್ನ ಮುಖ ನೋಡುತ್ತಾರೆ, ಪಾಪ ವಯಸ್ಸಾಯಿತು ಅನ್ನುವ ಹಾಗೆ. ವಯಸ್ಸಾಗಿದೆ, ಇಲ್ಲ ಅನ್ನುವುದಿಲ್ಲ. ತಲೆ ಮಾತ್ರ ನೆಟ್ಟಗಿದೆ.

ಟಿಕೋಟಾದ ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಹಳೆಯ ವಿಮಾನದ ಆಲ್ಟಿಮೀಟರ್ ಒಂದಿದೆ. ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಯಂತ್ರ. ಅಂಗೈಯಗಲದ ಕರಿ ಮುಖ, ಬಿಳಿ ಅಂಕಿ, ಮುಳ್ಳು. ನೋಡಿದರೆ ಗಡಿಯಾರವೇ, ಅದಕ್ಕೇ ನಾವು ಅದನ್ನು ಎತ್ತರದ ಗಡಿಯಾರ ಅಂತ ಕರೆಯುತ್ತ ಬಂದೆವು. ಅದು ನಿಜವಾಗಿ ಅಳೆಯುವುದು ಗಾಳಿಯ ಭಾರವನ್ನು. ಮೇಲೆ ಹೋದಷ್ಟೂ ಗಾಳಿ ಹಗುರ, ಆಗ ಮುಳ್ಳು ಏರುತ್ತದೆ. ಮಳೆ ಬರುವ ಮುಂಚೆಯೂ ಗಾಳಿ ಹಗುರಾಗುತ್ತದೆ. ತಾನು ಗೂಡಿನಲ್ಲಿ ಕೂತಿದ್ದೇನೆ ಎಂದು ಆ ಯಂತ್ರಕ್ಕೇನು ಗೊತ್ತು? ಮನೆಯೇ ಮೇಲಕ್ಕೆ ಹೊರಟಿದೆ ಅಂದುಕೊಂಡು ಮುಳ್ಳು ಏರಿಸುತ್ತದೆ.

ಅದು ನನ್ನ ಯಜಮಾನರದು. ಅವರು ವಿಮಾನ ಹಾರಿಸುತ್ತಿದ್ದರು. ಮುಂದೆ ಅದನ್ನು ಬಿಟ್ಟು ಊರಿಗೆ ಬಂದು ದ್ರಾಕ್ಷಿ ಹಚ್ಚಿದರು. ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ಪಡ ಅನ್ನುತ್ತೇವೆ. ಹಣ್ಣು ಕೊಯ್ದು ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸಿದರೆ ಮನೂಕ. ಹಣ್ಣು ಬಲೆಯ ಮೇಲಿರುವಷ್ಟು ದಿನ ಮನೆಯಲ್ಲಿ ಯಾರೂ ಮಳೆಯ ಹೆಸರು ಎತ್ತಬಾರದು. ಒಂದು ಅಡ್ಡಮಳೆ ಬಂತೋ, ಹೊಂಬಣ್ಣದ ಮನೂಕ ಕಪ್ಪಾಗಿ ಕೂರುತ್ತದೆ.

ಅದಕ್ಕೆ ಇವರದೊಂದು ಪದ್ಧತಿ. ಯಂತ್ರದ ಕೆಳಗೆ ಎಡಕ್ಕೆ ಒಂದು ಸಣ್ಣ ಗುಂಡಿ ಇದೆ. ಅದನ್ನು ತಿರುವಿದರೆ ಮುಳ್ಳನ್ನು ಬೇಕಾದಲ್ಲಿಗೆ ತರಬಹುದು. ಪಕ್ಕದ ಸಣ್ಣ ಕಿಂಡಿಯಲ್ಲಿ ಆ ಹೊತ್ತಿನ ಗಾಳಿಯ ಭಾರದ ಅಂಕಿ ಬಂದು ನಿಲ್ಲುತ್ತದೆ. ಸಂಜೆ ನಾನು ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಇವರು ಗೂಡಿನ ಮುಂದೆ ನಿಂತು ಮುಳ್ಳನ್ನು ಸೊನ್ನೆಗೆ ತರುತ್ತಿದ್ದರು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ನೋಡಿ ಕೂಗುತ್ತಿದ್ದರು: "ಮನಿ ಹತ್ತಡಿ ಇಳದದ, ಆರಾಮ ಚಾ ಕುಡಿ." ಇಲ್ಲವೇ, "ನಲವತ್ತಡಿ ಏರ್ಯದ ನೋಡ, ತಾಡಪತ್ರಿ ತಗಿ, ಹಣ್ಣ ಮುಚ್ಚಬೇಕು." ಮಧ್ಯಾಹ್ನ ಮುಳ್ಳು ಏರಿದರೆ ಅವರು ಅಲ್ಲಾಡುತ್ತಿರಲಿಲ್ಲ. "ಅದು ಬಿಸಲಿನ ಆಟ. ಸಂಜಿಗೆ ಇಳೀಲಿಲ್ಲಂದ್ರ ಹೇಳು."

ನಾಲ್ಕು ವರ್ಷದ ಹಿಂದೆ, ಪಡದಲ್ಲಿ ಹಣ್ಣು ಬಂದ ಹೊತ್ತು, ಒಂದು ಸಂಜೆ ಹಾಗೆಯೇ ಮುಳ್ಳನ್ನು ಸೊನ್ನೆಗಿಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಅಂದಿನಿಂದ ನಾನು ಆ ಗುಂಡಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ನಾನೂ ಮುಟ್ಟಲಿಲ್ಲ. ಧೂಳು ಒರೆಸುವಾಗಲೂ ಅದನ್ನು ಬಿಟ್ಟು ಸುತ್ತ ಒರೆಸುತ್ತಿದ್ದೆ. ಕಿಂಡಿಯಲ್ಲಿ ನಿಂತ ಅಂಕಿ ಅವರ ಬೆರಳು ತಂದು ನಿಲ್ಲಿಸಿದ್ದು. ಅವರ ಅಂಗಿಗಳನ್ನು ದಾನ ಕೊಟ್ಟೆ, ಚಪ್ಪಲಿ ಯಾರೋ ಒಯ್ದರು, ಫೋಟೋದಲ್ಲಿರುವವರು ಸ್ಟುಡಿಯೋದವನಿಗೆ ಬೇಕಾದ ಹಾಗೆ ಕೂತ ಮನುಷ್ಯ. ಈ ಅಂಕಿಯೊಂದೇ ಅವರು ಮಾಡಿ ಬಿಟ್ಟುಹೋದ ಕೆಲಸ, ಮಾಡಿದ ಹಾಗೆಯೇ ಇತ್ತು. ಅದು ನನಗೆ ಬೇಕಿತ್ತು.

ಹೀಗಾಗಿ ನಾಲ್ಕು ವರ್ಷದಿಂದ ನಮ್ಮ ಮನೆ ತನ್ನ ಪಾಡಿಗೆ ತಾನು ತಿರುಗಾಡುತ್ತಿತ್ತು. ಮುಂಗಾರು ಜೋರಾದರೆ ಗೋಳಗುಮ್ಮಟದಷ್ಟು ಎತ್ತರ ಹೋಗುತ್ತಿತ್ತು. ಡಿಸೆಂಬರಿನ ಚಳಿಗೆ ಸೊನ್ನೆಗಿಂತ ಕೆಳಗೆ, ಬಾವಿಯೊಳಗೆ ಇಳಿಯುತ್ತಿತ್ತು. ಬಬಲೇಶ್ವರಕ್ಕೆ ಕೊಟ್ಟ ಮಗಳು ಮನೂಕದ ದಿನಗಳಲ್ಲಿ ಫೋನು ಮಾಡುತ್ತಾಳೆ. ಅವಳ ಮೊಬೈಲು ಮಳೆ ಗಾಳಿ ಎಲ್ಲಾ ಹೇಳುತ್ತದೆ, ಆದರೂ ಅಪ್ಪನ ಗಡಿಯಾರ ಏನು ಅನ್ನುತ್ತದೆ ಎಂದು ಕೇಳದೆ ಅವಳಿಗೆ ನಿದ್ದೆ ಇಲ್ಲ. ನಾನು ನಿನ್ನೆ ಎಷ್ಟಿತ್ತು ಇವತ್ತು ಎಷ್ಟಿದೆ ಎಂದು ಕೂಡಿ ಕಳೆದು ಹೇಳಬೇಕು. "ಅವ್ವಾ, ದಿನಾ ಸಂಜಿಗೆ ಸೊನ್ನಿಗೆ ಇಟ್ಟುಬಿಡಬಾರದಾ?" ಎಂದು ಒಮ್ಮೆ ಅಂದಳು. "ನಿನ್ನ ಮೊಬೈಲ್ ನೀ ನೋಡ್ಕೋ" ಅಂದು ಫೋನು ಇಟ್ಟೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ.

ನನ್ನ ತವರು ವಿಜಯಪುರ, ಗೋಳಗುಮ್ಮಟದ ಹಿಂದಿನ ಓಣಿ. ಅಪ್ಪನದು ಗಾಂಧಿ ಚೌಕದಲ್ಲಿ ಭಾಂಡೆ ಅಂಗಡಿ. ಹುಡುಗ ವಿಮಾನ ಹಾರಿಸುತ್ತಾನೆ ಎಂದು ಸಂಬಂಧ ಬಂದಾಗ ಅಪ್ಪ ತಂಬಿಗೆ ಕೊಳ್ಳಲು ಬಂದವರಿಗೂ ಆ ಸುದ್ದಿ ಹೇಳಿ ಕಳಿಸುತ್ತಿದ್ದ. ನಮ್ಮ ಅತ್ತಿ, ಅಪ್ಪನ ತಂಗಿ, ಮಾತಿನಲ್ಲೇ ನನ್ನನ್ನು ಮುಂಬೈಯಲ್ಲಿ ಊಟಕ್ಕೆ, ದಿಲ್ಲಿಯಲ್ಲಿ ಚಹಾಕ್ಕೆ ಕೂರಿಸಿಬಿಟ್ಟಿದ್ದಳು. ಯಾವ ವಿಮಾನ ಎಂದು ಒಬ್ಬರೂ ಕೇಳಲಿಲ್ಲ. ನಿಶ್ಚಯದ ದಿನ ಎಲೆ ಅಡಿಕೆ ಮುಗಿದ ಮೇಲೆ ಅತ್ತಿಯೇ ಕೇಳಿದಳು.

"ನಿಮ್ಮ ವಿಮಾನದಾಗ ಎಷ್ಟ ಮಂದಿ ಕೂಡ್ತಾರ್ರಿ?"

"ಒಬ್ಬರ್ರಿ."

"ಒಬ್ಬರಂದ್ರ?"

"ನಾ ಒಬ್ಬನ ರಿ."

"ಮತ್ತ ಉಳದ ಜಾಗಾದಾಗ?"

"ಎಣ್ಣಿ ಇರ್ತದ್ರಿ."

ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ. ಇವರು ಹಾರಿಸುತ್ತಿದ್ದದ್ದು ಹತ್ತಿಗೆ, ಕಬ್ಬಿಗೆ ಎಣ್ಣೆ ಹೊಡೆಯುವ ಸಣ್ಣ ವಿಮಾನ. ಎಲ್ಲಿ ಹುಳ ಬಿದ್ದಿದೆಯೋ ಆ ಸೀಮೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಹೊಡೆದು ಬರುವುದು. ಅತ್ತಿಯ ಮುಖ ಹೆಪ್ಪುಗಟ್ಟಿತು. ಅಪ್ಪ ಮಾತ್ರ ಏನೂ ಕೇಳಿಸದವನಂತೆ ಇನ್ನೊಂದು ಎಲೆ ಮಡಿಸಿದ. ಕೊನೆಯತನಕ ಗಿರಾಕಿಗಳಿಗೆ ಎಣ್ಣೆಯ ಸುದ್ದಿ ಹೇಳಲೇ ಇಲ್ಲ.

ಮದುವೆಯಾದ ಮೇಲೆ ಇಬ್ಬರೂ ಗೋಳಗುಮ್ಮಟ ಹತ್ತಿದೆವು. ಓಣಿಯ ಹುಡುಗಿಯಾದ ನಾನು ಎಷ್ಟು ಸಲ ಹತ್ತಿದ್ದೆನೋ, ಆದರೆ ಗಂಡನ ಜೊತೆ ಹತ್ತುವಾಗ ದಮ್ಮು ಬಂದಂತೆ ನಟಿಸಬೇಕಲ್ಲ. ಮೇಲೆ, ಗುಮ್ಮಟದ ಸುತ್ತಲಿನ ಮಾಳಿಗೆಯಲ್ಲಿ ನಿಂತು ಕೇಳಿದೆ: "ಇಷ್ಟ ಎತ್ತರದಾಗ ಹಾರ್ತೀರೇನ್ರಿ?"

"ಇಷ್ಟ್ಯಾಕ ಬೇಕ?" ಅಂದರು. "ಇದು ಭಾಳ ಮ್ಯಾಲಾತು. ಬೆಳಿ ಮ್ಯಾಲ ಒಂದಾಳೆತ್ತರ ಇದ್ರ ಸಾಕು. ಅದಕ್ಕಿಂತ ಮ್ಯಾಲ ಹೋದ್ರ ಎಣ್ಣಿ ಗಾಳಿಪಾಲಾಕ್ಕದ."

ಅಂದರೆ ಗಂಡ ದುಡಿಯುವ ಎತ್ತರಕ್ಕಿಂತ ಮೇಲೆ ನಾನು ಅವತ್ತೇ ನಿಂತಿದ್ದೆ. ಇದನ್ನು ಹೇಳಿ ಹೇಳಿ ಜನ್ಮವಿಡೀ ಕಾಡಿದ್ದೇನೆ. ಅವರು ನಗುತ್ತಿದ್ದರು. ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ವಿಮಾನ ಒಯ್ಯುವಾಗ ಮಾತ್ರ ಮೇಲೆ ಹೋಗುತ್ತಿದ್ದರಂತೆ. ನಮ್ಮ ಕಡೆ ಬರುವಾಗ ದೂರದಿಂದ ಮೊದಲು ಭೂತನಾಳ ಕೆರೆ ಫಳ್ ಅನ್ನುತ್ತಿತ್ತಂತೆ, ಆಮೇಲೆ ಗುಮ್ಮಟ.

ಆ ದಿನ ಗುಮ್ಮಟದ ಮೇಲಿಂದ ಅವರು ಊರು ನೋಡಲಿಲ್ಲ. ನಾನು ನಮ್ಮ ಮನೆ ತೋರಿಸಿದರೆ ಹ್ಞೂಂ ಅಂದು ಕಣ್ಣು ಬೇರೆ ಕಡೆ ಹೊರಳಿಸಿದರು. ಭೂತನಾಳದ ಆಚೆ ಜೋಳ ಕೊಯ್ದ ಹೊಲಗಳನ್ನು ಒಂದೊಂದಾಗಿ ನೋಡಿ, "ಅಲ್ಲಿ ಇಳಸಬಹುದು. ಅದು ಬ್ಯಾಡ, ಬಿರಕ ಬಿಟ್ಟದ. ಅದು ಚಲೋ ಅದ, ಸಾಲಿನ ಗುಂಟ ಇಳೀಬೇಕು" ಎಂದು ತಮಗೇ ಹೇಳಿಕೊಂಡರು. ಹೊಸ ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆ, ಈ ಮನುಷ್ಯ ಹೊಲ ಆರಿಸುತ್ತಿದ್ದಾನೆ. ನನಗೆ ಸಿಟ್ಟು ಬಂತು.

ಅದು ಪೈಲಟ್ ಮಂದಿಯ ಚಟ ಎಂದು ಆಮೇಲೆ ತಿಳಿಯಿತು. ಎಂಜಿನ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು, ನಿಂತರೆ ಎಲ್ಲಿ ಇಳಿಯುವುದು ಎಂದು ಹಾರುವಷ್ಟು ಹೊತ್ತೂ ನೋಡುತ್ತಲೇ ಇರಬೇಕು. ಇವರು ನೆಲದ ಮೇಲಿದ್ದಾಗಲೂ ನೋಡುತ್ತಿದ್ದರು. ಟಿಕೋಟಾದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ನಾನು ಕಿಟಕಿ ಬಿಟ್ಟುಕೊಡಬೇಕು. ಬಸ್ಸು ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಹಾಕಿ ಗಾಲಿ ಮುಟ್ಟಿ ನೋಡುತ್ತಿದ್ದರು. ಹಾರುವ ಮೊದಲು ವಿಮಾನದ ಸುತ್ತ ತಿರುಗಿ ಮುಟ್ಟಿ ನೋಡುವ ರೂಢಿ, ಚಕ್ಕಡಿಯನ್ನೂ ಬಿಡಲಿಲ್ಲ. "ಅಳಿಯಾರು ಬಸ್ಸಿಗೆ ಪ್ರದಕ್ಷಿಣಿ ಹಾಕಾಕತ್ತಾರಲ್ಲ, ಯಾತರ ಹರಕಿ?" ಎಂದು ನಮ್ಮವ್ವ ಕೇಳಿದಳು. ದೇವರ ಮುಂದೆ ಊದಿನಕಡ್ಡಿ ಹಚ್ಚಿದರೆ ಹೊಗೆ ಯಾವ ಕಡೆ ಬಾಗಿತು ಎಂದು ನೋಡಿ ಗಾಳಿಯ ದಿಕ್ಕು ಹೇಳುತ್ತಿದ್ದರು. ಭಕ್ತಿ ಎಷ್ಟಿತ್ತೋ ದೇವರಿಗೇ ಗೊತ್ತು.

"ಅಂಜಿಕಿ ಬರಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ್ದೆ.

"ಬರ್ತದ. ಬರಲಿ ಅಂತೀನಿ. ಅದು ಬರದ ದಿನ ನಾ ಹಾರಂಗಿಲ್ಲ."

ಒಂದೇ ಒಂದು ಸಲ ಅವರು ಹಾರುವುದನ್ನು ನಾನು ನೋಡಿದ್ದು. ಹತ್ತಿರದಲ್ಲೆಲ್ಲೋ ಕೆಲಸ ಬಿದ್ದು ನಮ್ಮ ಊರ ಮೇಲೆ ಹಾಯ್ದರು. ನಾನು ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುತ್ತಿದ್ದೆ. ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಹಳದಿ ಬಣ್ಣದ ಸಣ್ಣ ವಿಮಾನ ಊರ ಸುತ್ತ ತಿರುಗಿ ಬಂತು. ಕೈಯಲ್ಲಿದ್ದ ಜರಡಿಯನ್ನೇ ಎತ್ತಿ ಬೀಸಿದೆ. ರೆಕ್ಕೆ ಒಂದು ಕಡೆ ವಾಲಿತು, ಮತ್ತೆ ನೆಟ್ಟಗಾಯಿತು, ಬಬಲೇಶ್ವರದ ದಿಕ್ಕಿಗೆ ಹೋಗಿಬಿಟ್ಟಿತು. ಓಣಿಯ ಹೆಂಗಸರೆಲ್ಲ ಮಾಳಿಗೆಗಳ ಮೇಲೆ ನಿಂತು ನನ್ನನ್ನು ನೋಡಿದರು. ಆ ದಿನ ನಾನು ಎಷ್ಟು ಸೊಕ್ಕಿನಿಂದ ಇಳಿದು ಬಂದೆ ಅಂದರೆ ಅತ್ತೆಯವರು ಎರಡು ಸಲ ಕರೆದರೂ ಓ ಅನ್ನಲಿಲ್ಲ.

ಅವರು ಮನೆಗೆ ಬಂದಾಗ ಕೇಳಿದೆ: "ಮ್ಯಾಲಿಂದ ನಾ ಹ್ಯಾಂಗ ಕಂಡೆ?"

"ನಿನ್ನ ಮಾರಿ ಎಲ್ಲೆ ಕಾಣ್ತದ? ಸೆರಗ ಹಾರಾಕತ್ತಿತ್ತು. ಗಾಳಿ ಪಡುವಲದಿಂದ ಬರಾಕತ್ತದ ಅಂತ ತಿಳೀತು. ಭಾಳ ಚಲೋ ಆತು."

ಆಗ ಅದಕ್ಕೂ ಮುನಿಸಿಕೊಂಡೆ. ಈಗ ಮಾಳಿಗೆಗೆ ಹೋದಾಗಲೆಲ್ಲ ಸೆರಗು ಗಾಳಿಗೆ ಎದ್ದರೆ ಹಿಡಿದುಕೊಳ್ಳುವುದಿಲ್ಲ, ಹಾರಲಿ ಎಂದು ಬಿಡುತ್ತೇನೆ. ನಕ್ಕರೆ ನಗಲಿ.

ನಡುವಯಸ್ಸಿಗೆ ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದರು. ಹಾರುವುದು ಅಲ್ಲಿಗೆ ಮುಗಿಯಿತು. ಕೆಲವು ವರ್ಷಕ್ಕೆ ಅವರ ಕಂಪನಿಯೂ ಮುಚ್ಚಿತು, ವಿಮಾನಗಳನ್ನು ಮೋಡಕಾ ಸಾಮಾನಿನವರಿಗೆ, ಅಂದರೆ ಗುಜರಿಯವರಿಗೆ, ಮಾರಿದರು. ಅವರು ಹಾರಿಸುತ್ತಿದ್ದ ವಿಮಾನ ಬಿಚ್ಚುವಾಗ ಮಾಲೀಕರೇ ಕರೆಸಿ ಏನು ಬೇಕೋ ಒಯ್ಯಿರಿ ಅಂದರಂತೆ. ಇವರು ಈ ಎತ್ತರದ ಗಡಿಯಾರ ತಂದರು. ಅವರ ಚರ್ಮದ ಟೊಪ್ಪಿಗೆ, ಕಣ್ಣಿಗೆ ಕಟ್ಟುವ ದೊಡ್ಡ ಕನ್ನಡಕ ಮೊದಲೇ ಮನೆಯಲ್ಲಿದ್ದವು. ಕನ್ನಡಕ ಮಾತ್ರ ನನ್ನ ಪಾಲಿಗೆ ಬಂತು. ವರ್ಷದ ಮಸಾಲೆ ಖಾರ ಕುಟ್ಟಿಸುವಾಗ ಅದನ್ನು ಕಟ್ಟಿಕೊಂಡು ಕೂತರೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಗಿರಣಿಯವನು ನನ್ನನ್ನು ನೋಡಿ ದೂರ ಸರಿಯುತ್ತಾನೆ.

ದ್ರಾಕ್ಷಿಗೆ ಕಲ್ಲಿನ ಕಂಬ ನಿಲ್ಲಿಸಿ ತಂತಿ ಎಳೆಯಬೇಕು. ಒಬ್ಬರು ಮಾಡಿದ್ದು ನೋಡಿ ಇನ್ನೊಬ್ಬರು, ಬಬಲೇಶ್ವರದ ದಾರಿ, ವಿಜಯಪುರದ ದಾರಿ, ಎಲ್ಲ ಕಡೆ ಜೋಳದ ಹೊಲಗಳು ಹೋಗಿ ಕಂಬ ತಂತಿ ಬಂದವು. ನಮ್ಮ ಹೊಲಕ್ಕೂ ಬಂದವು. ಕೊನೆಯ ತಂತಿ ಬಿಗಿದ ದಿನ ಇವರು ಬದುವಿನ ಮೇಲೆ ನಿಂತು, "ಈಗ ಇಲ್ಲಿ ಎಲ್ಲೂ ಇಳಿಯಾಕ ಜಾಗಾನ ಇಲ್ಲ ನೋಡ" ಅಂದರು. "ಇಳಿಯೋರು ಯಾರದಾರ ಈಗ?" ಅಂದೆ ನಾನು, ನಗೆಗೆಂದು. ಅವರು ನಗಲಿಲ್ಲ. ಹಾರುವುದನ್ನು ಅವರು ಎಷ್ಟು ಬಯಸುತ್ತಿದ್ದರು ಎಂದು ನನಗೆ ಆ ದಿನ ಕಂಡಿತು. ಬಾಯಿಬಿಟ್ಟು ಒಂದು ಸಲವೂ ಹೇಳಿದವರಲ್ಲ. ಸಂಜೆ ಅಂಗಳದಲ್ಲಿ ಹೊರಸಿನ ಮೇಲೆ ಒರಗಿದಾಗ ಬಲು ಎತ್ತರದಲ್ಲಿ ದೊಡ್ಡ ವಿಮಾನ ಬಿಳಿ ಗೆರೆ ಎಳೆಯುತ್ತ ಹೋದರೆ ಆ ಗೆರೆ ಅಳಿಯುವತನಕ ನೋಡುತ್ತಿದ್ದರು. ಆಮೇಲೆ, "ಪಾಪ, ಅವರಿಗೆ ನೆಲಾನ ಕಾಣಂಗಿಲ್ಲ" ಅನ್ನುತ್ತಿದ್ದರು.

ಈಗ ವಿಜಯಪುರದ ಹೊರಗೆ ವಿಮಾನ ನಿಲ್ದಾಣ ಕಟ್ಟಿದ್ದಾರೆ. ವಿಮಾನ ಶುರುವಾದ ದಿನ ನಿನ್ನನ್ನು ಮೊದಲು ಕೂಡಿಸುತ್ತೇನೆ ಅನ್ನುತ್ತಾಳೆ ಮಗಳು. ನಾನು ಇನ್ನೂ ವಿಮಾನ ಹತ್ತಿಲ್ಲ. ಹತ್ತಬೇಕೆಂಬ ಆಸೆಯೂ ಇಲ್ಲ. ನನಗೆ ಆಸೆ ಇದ್ದದ್ದು ಒಂದೇ ಸೀಟಿನ ಆ ವಿಮಾನದಲ್ಲಿ ಎರಡನೆಯವಳಾಗಿ ಕೂರುವುದಕ್ಕೆ.

ಕಳೆದ ಜನವರಿಯಲ್ಲಿ ಒಬ್ಬರು ಫೋನು ಮಾಡಿದರು. ಇವರ ಕಂಪನಿಯಲ್ಲಿ ಇವರ ಕೈಕೆಳಗೆ ಪೈಲಟ್ ಆಗಿದ್ದವರು, ಧಾರವಾಡದ ಕಡೆಯವರು. ಈಗ ಅವರಿಗೂ ಎಪ್ಪತ್ತರ ಹತ್ತಿರ. ಹಳೆಯ ವಿಮಾನಗಳ ಸಾಮಾನು ಕೂಡಿಸುವುದೇ ಅವರ ಹುಚ್ಚು. ನಾಲ್ಕಾರು ಗೆಳೆಯರು ಸೇರಿ ಒಂದು ಎಣ್ಣೆ ಹೊಡೆಯುವ ವಿಮಾನವನ್ನು ಬಿಡಿಬಿಡಿಯಾಗಿ ಹುಡುಕಿ ಮತ್ತೆ ಜೋಡಿಸುತ್ತಿದ್ದಾರಂತೆ, ಮಂದಿ ನೋಡಲೆಂದು ಇಡುತ್ತಾರಂತೆ. "ಅಣ್ಣಾವರ ಹತ್ರ ಆಲ್ಟಿಮೀಟರ್ ಇತ್ತಲ್ರಿ ವೈನಿ, ಒಮ್ಮೆ ನೋಡ್ಲಿಕ್ಕೆ ಬರ್ಲೇನ್ರಿ?" ಅಂದರು. ನೋಡಲಿಕ್ಕೆ ಅಂದರೆ ಒಯ್ಯಲಿಕ್ಕೆ ಎಂದು ನನಗೆ ತಿಳಿಯದೇ? ಬರಲಿ, ಚಹಾ ಕುಡಿಸಿ ಇಲ್ಲ ಅಂದು ಕಳಿಸಿದರಾಯಿತು ಎಂದುಕೊಂಡೆ.

ಅವರು ಬಂದ ದಿನ ಕಾರು ಬಾಗಿಲಿಗೆ ನಿಂತದ್ದು ಅಡುಗೆಮನೆಯ ಕಿಟಕಿಯಿಂದ ಕಂಡಿತು. ತೆಳ್ಳಗಿನ ಮನುಷ್ಯ, ನೆತ್ತಿ ಪೂರಾ ಬಿಳಿ. ಇಳಿದವರು ಮನೆ ಕಡೆ ಬರಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿದರು, ಬಗ್ಗಿ ಒಂದೊಂದು ಗಾಲಿಯನ್ನೂ ಮುಟ್ಟಿದರು. ನನ್ನ ಕೈಯಲ್ಲಿ ಸೂಸಲಕ್ಕೆಂದು ನೆನೆಹಾಕಿದ್ದ ಚುರುಮುರಿ. ಹಾಗೇ ಹಿಂಡಿಕೊಂಡು ನಿಂತುಬಿಟ್ಟೆ, ನೀರು ಕಾಲ ಮೇಲೆ ಸುರಿಯಿತು. ಬಾಗಿಲು ತೆರೆಯುವ ಮೊದಲು ಕಣ್ಣು ಒರೆಸಿಕೊಳ್ಳಬೇಕಾಯಿತು.

ಪಡಸಾಲೆಯಲ್ಲಿ ಕೂಡಿಸಿದೆ. ಫೋಟೋಕ್ಕೆ ಕೈಮುಗಿದರು. ಗೂಡು ತೋರಿಸಿ, "ನೋಡ್ರಿ, ಅಲ್ಲೇ ಅದ" ಎಂದು ಹೇಳಿ ಒಳಗೆ ಹೋದೆ. ಮುಟ್ಟಬೇಡಿ ಎಂದು ಹೇಳಬೇಕಿತ್ತು. ಮನೆಗೆ ಬಂದವರಿಗೆ ಹಾಗೆ ಹೇಳುವುದು ಚಂದವಲ್ಲ ಎಂದು ಸುಮ್ಮನಾದೆ. ಸೂಸಲದ ತಾಟು ಹಿಡಿದು ಹೊರಗೆ ಬರುವಷ್ಟರಲ್ಲಿ ಎತ್ತರದ ಗಡಿಯಾರ ಅವರ ಎಡಗೈಯಲ್ಲಿತ್ತು. ಬಲಗೈ ಅದರಿಂದ ಆಗಲೇ ದೂರ ಸರಿದಿತ್ತು. ಬೆಳಿಗ್ಗೆ ಸೊನ್ನೆಗಿಂತ ಕೆಳಗೆ, ಬಾವಿಯೊಳಗಿದ್ದ ಮುಳ್ಳು ಸೊನ್ನೆಗೆ ಬಂದು ನಿಂತಿತ್ತು.

ತಾಟನ್ನು ಎಲ್ಲಿಟ್ಟೆನೋ ನೆನಪಿಲ್ಲ. "ಯಾಕ ಮುಟ್ಟಿದ್ರಿ?" ಅಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. "ಯಾರ್ನ ಕೇಳಿ ಮುಟ್ಟಿದ್ರಿ? ಅದು ಅವರು ಇಟ್ಟಿದ್ದು. ಅವರ ಕೈಲೆ ಇಟ್ಟಿದ್ದು. ನಾಕ ವರ್ಷ ನಾ ಕಾಯ್ದೇನಿ, ಕಣ್ಣಿಲೆ ಕಾಯ್ದೇನಿ. ನೀವು ಬಂದು ಒಂದು ಗಳಿಗ್ಯಾಗ ಅಳಿಸಿಬಿಟ್ರಿ!"

ಬಂದವರು ಎದ್ದು ನಿಂತರು. ಕೈಯಲ್ಲಿದ್ದದ್ದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. "ವೈನಿ, ನನಗ ಗೊತ್ತ ಇರಲಿಲ್ರಿ. ಕೈಗೆ ತಿಳೀಲಿಲ್ರಿ. ಅಂಕಿ ಎಷ್ಟಿತ್ತು ಹೇಳ್ರಿ, ಹಂಗ ತಿರುವಿ ಇಡ್ತೀನಿ."

ಅಂಕಿ ನನಗೆ ಬಾಯಿಪಾಠ. ಹೇಳಬಹುದಿತ್ತು, ಅವರು ಅಲ್ಲಿಗೇ ತಿರುಗಿಸಿ ಇಡಬಹುದಿತ್ತು. ಅದು ಅದೇ ಅಂಕಿ, ಆದರೆ ನನ್ನ ಯಜಮಾನರು ಇಟ್ಟದ್ದಲ್ಲ. ಬೇಡ ಅಂದೆ. ಕುರ್ಚಿಯಲ್ಲಿ ಕೂತು ಅಳತೊಡಗಿದೆ. ಬಂದವರ ಮುಂದೆ ಅಳಬಾರದು ಎಂಬುದೆಲ್ಲ ಆಗ ತಲೆಯಲ್ಲಿರಲಿಲ್ಲ.

ಅವರು ಕೂತರು. ಫೋಟೋ ನೋಡುತ್ತ ಮೆಲ್ಲಗೆ ಅಂದರು: "ಇದು ಅವರ ಕಲಿಸಿದ್ದು ರಿ."

ತಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಬೆಳಿಗ್ಗೆ ಈ ಗುಂಡಿ ತಿರುವದೆ ಹಾರಿದ್ದರಂತೆ. ಹಿಂದಿನ ದಿನದ ಅಂಕಿ ಹಾಗೇ ಇತ್ತು. ರಾತ್ರಿಯಲ್ಲಿ ಗಾಳಿ ಹಗುರಾಗಿತ್ತು. ಮಂಜು ಇನ್ನೂ ಪೂರಾ ಬಿಟ್ಟಿರಲಿಲ್ಲ. ಯಂತ್ರ ಇನ್ನೂ ಎತ್ತರವಿದೆ ಅನ್ನುತ್ತಿತ್ತು, ನೋಡಿದರೆ ಗಾಲಿಗೆ ಕಬ್ಬು ತಾಗುತ್ತಿತ್ತು. ಹೇಗೋ ಎತ್ತಿಕೊಂಡು ಬಂದು ಇಳಿಸಿದಾಗ ನನ್ನ ಯಜಮಾನರು ಬಯಲಲ್ಲಿ ಕಾಯುತ್ತ ನಿಂತಿದ್ದರಂತೆ.

"ಬಡೀತಾರ ಅಂತ ಅನ್ಕೊಂಡಿದ್ದೆ. ಬಡೀಲಿಲ್ರಿ. ಒಳಗ ಕೂಡಿಸಿ ಗುಂಡಿ ಮ್ಯಾಲ ನನ್ನ ಬೆರಳ ಇಟ್ಟು, ಅದರ ಮ್ಯಾಲ ತಮ್ಮ ಬೆರಳ ಇಟ್ಟು ತಿರುವಿಸಿದ್ರು. ನಿನ್ನಿ ಗಾಳಿ ನಿನ್ನಿಗೆ ಮುಗೀತು, ಮುಂಜಾನೆದ್ದ ಕೂಡ್ಲೆ ಇದನ್ನ ಇವತ್ತಿಗೆ ತರಬೇಕು ಅಂದ್ರು. ಎಷ್ಟ ಸಲ ತಿರುವಿಸಿದ್ರೋ. ಅವತ್ತಿನಿಂದ ಈ ಯಂತ್ರ ಎಲ್ಲೆ ಕಂಡ್ರೂ ನನ್ನ ಕೈ ನಿಂದ್ರಂಗಿಲ್ರಿ. ಮೋಡಕಾ ಅಂಗಡ್ಯಾಗ ಒಡದಿದ್ದು ಸಿಕ್ರೂ ತಿರುವ್ತೀನಿ."

ನಾನು ಅಳುವುದು ನಿಲ್ಲಿಸಿ ಅವರ ಕೈ ನೋಡಿದೆ. ಮಾತಿನ ಜೊತೆಗೆ ಬರಿಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸುತ್ತಿದ್ದರು.

"ಇನ್ನೊಮ್ಮೆ ತಿರುವ್ರಿ" ಅಂದೆ.

"ಬ್ಯಾಡ ರಿ ವೈನಿ."

"ತಿರುವ್ರಿ ಅಂತೀನಲ್ಲ. ಖರೇನ ತಿರುವ್ರಿ."

ಅಂಜುತ್ತಲೇ ಗಡಿಯಾರ ಎತ್ತಿಕೊಂಡರು. ಮುಳ್ಳನ್ನು ಒಂದಿಷ್ಟು ಆಚೆ ಸರಿಸಿ ಮತ್ತೆ ಸೊನ್ನೆಗೆ ತಂದರು. ಹೆಬ್ಬೆರಳು, ನಡುಬೆರಳು ಗುಂಡಿಯ ಮೇಲೆ. ತೋರುಬೆರಳು ಯಾರಿಗೋ ತಡಿ ಅಂದ ಹಾಗೆ ಮೇಲೆ ಎತ್ತಿದ್ದು. ಮುಳ್ಳು ಸೊನ್ನೆಗೆ ಬಂದ ಮೇಲೆ ಗಾಜಿನ ಮೇಲೆ ಆ ಎತ್ತಿದ ಬೆರಳಿನ ಉಗುರಿನಿಂದ ಎರಡು ಸಲ ಟಕ್ ಟಕ್. ಮುಳ್ಳು ಅಂಟಿಕೊಂಡಿದ್ದರೆ ಬಿಡಲಿ ಎಂದು. ಪ್ರತಿ ಸಂಜೆ ದೇವರ ಮುಂದೆ ಕೂತ ನನಗೆ ಬೆನ್ನ ಹಿಂದಿನಿಂದ ಕೇಳಿಸುತ್ತಿದ್ದ ಸದ್ದು. ನಾಲ್ಕು ವರ್ಷದಿಂದ ಕೇಳಿರಲಿಲ್ಲ. ಆ ಸದ್ದನ್ನು ಕಳಕೊಂಡಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅಂಕಿ ಕಾಯುತ್ತ ಕೂತಿದ್ದೆ.

ನನ್ನ ಯಜಮಾನರ ಕೈ ಪರರ ಮೈಯಲ್ಲಿ ಹೀಗೆ ಬದುಕಿಕೊಂಡಿದೆ, ನನಗೆ ಒಂದು ಮಾತು ಹೇಳಿಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಇದ್ದದ್ದು ಹೇಳುತ್ತೇನೆ.

"ನನಗ ಕಲಸ್ರಿ" ಅಂದೆ.

ಗುಂಡಿ ನಾನೆಣಿಸಿದ್ದಕ್ಕಿಂತ ಬಿಗಿ ಇತ್ತು. ಮೊದಲ ಸಲ ಮುಳ್ಳು ಸೊನ್ನೆ ದಾಟಿ ಓಡಿತು, ಎರಡನೆಯ ಸಲ ಹಿಂದೆಯೇ ನಿಂತಿತು. ಅವರು ಬಾಯಲ್ಲಿ ಹೇಳಿದರೇ ಹೊರತು ಕೈ ಹಚ್ಚಲಿಲ್ಲ. "ತೋರಬೆರಳ ಎತ್ರಿ" ಅಂದರು. ಎತ್ತಿದೆ. ಮುಳ್ಳು ಬಂದು ಕೂತಿತು. ಉಗುರಿನಿಂದ ಎರಡು ಸಲ ಬಡಿದೆ. ಕಿಂಡಿಯಲ್ಲಿ ಆ ದಿನದ ಅಂಕಿ ನಿಂತಿತ್ತು, ನನಗೆ ಗುರುತಿಲ್ಲದ್ದು.

ಸೂಸಲ ಆರಿಹೋಗಿತ್ತು, ಹಾಗೇ ತಿಂದರು. ಗಡಿಯಾರದ ಮಾತು ಅವರು ಎತ್ತಲಿಲ್ಲ. ನಾನೇ ಒಳಗಿನಿಂದ ಚರ್ಮದ ಟೊಪ್ಪಿಗೆ ತಂದು ಕೊಟ್ಟೆ. "ಇದು ಒಯ್ರಿ. ಇಲ್ಲಿದ್ರ ಇಲಿ ತಿಂತಾವ. ಕನ್ನಡಕ ಕೊಡಂಗಿಲ್ಲ, ನನಗ ಖಾರಕ್ಕ ಬೇಕು." ಅವರು ಟೊಪ್ಪಿಗೆಯನ್ನು ಎ‌ರಡೂ ಕೈಯಲ್ಲಿ ಹಿಡಿದು ಒಳಗಿನ ಬಟ್ಟೆಗೆ ಮೂಗು ತಾಗಿಸಿ ಕಣ್ಣು ಮುಚ್ಚಿದರು. ವಿಮಾನ ತಯಾರಾದ ದಿನ ಬಂದು ಒಮ್ಮೆ ಆ ಸೀಟಿನಲ್ಲಿ ಕೂರಬೇಕು ಎಂದು ಕರೆದು ಹೋದರು. ಮೊಣಕಾಲು ನೋವು ಇದೆಯಲ್ಲ, ನೋಡೋಣ.

ಆ ಸಂಜೆ ದೀಪ ಹಚ್ಚಿ ಬಂದು ನಾನೇ ಗೂಡಿನ ಮುಂದೆ ನಿಂತೆ. ಬೆರಳು ಎತ್ತಿ, ಸೊನ್ನೆಗೆ ತಂದು, ಟಕ್ ಟಕ್ ಎಂದು ಬಡಿದು ಮಲಗಿದೆ.

ಬೆಳಿಗ್ಗೆ ಎಚ್ಚರವಾದ ಕೂಡಲೇ, ಕಣ್ಣಿಗೆ ನೀರು ಹಾಕದೆ, ಪಡಸಾಲೆಗೆ ನಡೆದೆ. ಮನೆ ಹದಿನೈದು ಅಡಿ ಇಳಿದಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಬೆಳಗಿನ ಸುದ್ದಿಯೊಂದು ಇತ್ತು. ಹೇಳಲೆಂದು ತಿರುಗಿದೆ. ಒಳಕೋಣೆಯ ಮಂಚದ ಮೇಲೆ ಅವರ ಕಡೆಯ ಹಾಸಿಗೆ ಮಡಿಕೆ ಮುರಿಯದೆ ಇತ್ತು. ಇಷ್ಟು ದಿನ ಅವರು ಸಂಜೆ ಮುಳ್ಳನ್ನು ಸೊನ್ನೆಗಿಟ್ಟು ಮಲಗಿದ್ದಾರೆ ಅನ್ನುವ ಹಾಗೆ ನಾನು ಬದುಕಿದ್ದೆ, ಬೆಳಗಾಗಲು ಬಿಟ್ಟಿರಲಿಲ್ಲ. ಈಗ ಬೆಳಗಾಗಿತ್ತು.

"ಹದಿನೈದಡಿ ಇಳದದ ರಿ" ಅಂದೆ, ಗಟ್ಟಿಯಾಗಿಯೇ. ಆಮೇಲೆ ಚಹಾಕ್ಕಿಟ್ಟೆ.